ಪದಚರ್ಚೆ: ‘ಕಂಪ್ಯುಟೇಷನಲ್ ಥಿಂಕಿಂಗ್’ಗೆ ಕನ್ನಡ ಬೇಕು, ನಾಳೆ ಬೆಳಗ್ಗೆಯೊಳಗೆ

ಚಿತ್ರದುರ್ಗ ಜಿಲ್ಲೆಯ ಗಣಿತ ಶಿಕ್ಷಕಿಯಿಂದ

ಎಲ್ಲರಿಗೂ ನಮಸ್ಕಾರ.

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲು. ಕಂಪ್ಯೂಟರ್ ಲ್ಯಾಬಿನ ಹೊರಗೋಡೆಗೆ ಹೊಸ ಬಣ್ಣ ಬಿದ್ದಿದೆ. ಎಂಟು ಮತ್ತು ಒಂಬತ್ತನೇ ತರಗತಿಗೆ ಕೋಡಿಂಗ್ ಹೇಳಿಕೊಡುವಾಗ ಪದೇ ಪದೇ ಬರುವ ಪದಗಳನ್ನು ಅದರ ಮೇಲೆ ಬರೆಸಬೇಕು ಅಂತ ಹೊರಟಿದ್ದೇವೆ. ತಲೆಬರಹ ‘ಕಂಪ್ಯುಟೇಷನಲ್ ಥಿಂಕಿಂಗ್’. ಕೆಳಗೆ ಆಲ್ಗಾರಿದಮ್ (ಕೆಲಸ ಮಾಡುವ ಹೆಜ್ಜೆಗಳ ಕ್ರಮ), ವೇರಿಯಬಲ್ (ಬದಲಾಗುವ ಬೆಲೆ ಇಡುವ ಜಾಗ), ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಡೀಬಗ್ಗಿಂಗ್ (ತಪ್ಪು ಹುಡುಕಿ ಸರಿಮಾಡುವುದು), ಅಬ್‌ಸ್ಟ್ರಾಕ್ಷನ್ (ಬೇಡದ ವಿವರ ಕೈಬಿಡುವುದು). ಎಲ್ಲಕ್ಕೂ ಕನ್ನಡ ಬೇಕು. ಪೇಂಟರ್ ನಾಳೆ ಬೆಳಗ್ಗೆ ಬರುತ್ತಾರೆ. ಆಮೇಲೆ ಅವರು ಸಿಗುವುದು ಜಾತ್ರೆ ಮುಗಿದ ಮೇಲೆಯೇ.

ಒಂದು ತರಬೇತಿಯಲ್ಲಿ ಕೊಟ್ಟ ಕೈಪಿಡಿಯಲ್ಲಿ ‘ಸಂಗಣನಾತ್ಮಕ ಚಿಂತನೆ’ ಅಂತಿದೆ. ತರಗತಿಯಲ್ಲಿ ಓದಿಸಿದೆ. ಅರ್ಧ ಮಕ್ಕಳು ‘ಸಂಘಟನಾತ್ಮಕ’ ಅಂತ ಓದಿದರು. ಉಳಿದವರು ಆ ಪದ ಬಂದಾಗ ಸುಮ್ಮನಾದರು. ಲೂಪಿಗೆ ಅದರಲ್ಲಿ ‘ಕುಣಿಕೆ’ ಎಂದಿದೆ. ಶಾಲೆ ಗೋಡೆಯ ಮೇಲೆ ಕುಣಿಕೆ ಬರೆಸಲು ನಮ್ಮ ಎಚ್ಚೆಮ್ ಸುತಾರಾಂ ಒಪ್ಪುತ್ತಿಲ್ಲ.

ಗೋಡೆ ದೊಡ್ಡದಿಲ್ಲ. ಚಿಕ್ಕ ಪದ ಆದರೆ ಒಳ್ಳೆಯದು.

ಮೈಸೂರಿನಿಂದ

ಗಣಕ ಚಿಂತನೆ. ಕ್ರಮಾವಳಿ. ಚರ. ಆವರ್ತ. ದೋಷ ನಿವಾರಣೆ. ಅಮೂರ್ತೀಕರಣ.

ಎಲ್ಲವೂ ಬಳಕೆಯಲ್ಲಿರುವ ಪದಗಳೇ. ಹೊಸದಾಗಿ ಟಂಕಿಸುವ ಅಗತ್ಯವಿಲ್ಲ. ಕೈಪಿಡಿ ಮಾಡಿದವರಿಗೆ ‘ಸಂ’ ಯಾಕೆ ಬೇಕಾಯಿತೋ. ಹಿಂದಿಯ ‘ಸಂಗಣಕ’ವನ್ನು ಹಾಗೇ ಎತ್ತಿಟ್ಟಂತಿದೆ.

ಕುಂದಾಪುರದಿಂದ

> ಗಣಕ ಚಿಂತನೆ

ಬೇಡ. ಎರಡೂ ಸಂಸ್ಕೃತ. ಎರಡು ಪದದ ಅಗತ್ಯವೂ ಇಲ್ಲ.

ಲೆಕ್ಕ ಮಾಡುವುದಕ್ಕೂ ಯೋಚನೆ ಮಾಡುವುದಕ್ಕೂ ಕನ್ನಡದಲ್ಲಿ ಒಂದೇ ಪದ ಇದೆ: ಎಣಿಸು. ನಮ್ಮ ಕಡೆ ‘ನೀವು ಬರುವುದಿಲ್ಲ ಅಂತ ಎಣಿಸಿದ್ದೆ’ ಅಂದರೆ ಯಾರೂ ಬೆರಳು ಮಡಚಿ ಲೆಕ್ಕ ಹಾಕಿರುವುದಿಲ್ಲ. ತಮಿಳಿನಲ್ಲೂ ಹಾಗೇ. ಎಣ್ ಅಂದರೆ ಅಂಕಿ, ಎಣ್ಣಂ ಅಂದರೆ ಯೋಚನೆ. ಇಂಗ್ಲಿಷಿನವರು ಎರಡು ಪದ ಜೋಡಿಸಿ ಹೇಳುವುದನ್ನು ನಮ್ಮ ಹಳಬರು ಒಂದರಲ್ಲೇ ಮುಗಿಸಿದ್ದಾರೆ. ‘ಎಣಿಕೆ’ ಅಂತ ಬರೆಸಿ. ಮೂರೇ ಅಕ್ಷರ. ಗೋಡೆಯೂ ಚಿಕ್ಕದು ಅಂದಿರಲ್ಲ.

ಕಂಪ್ಯೂಟರಿಗೆ ‘ಎಣ್ಣುಕ’ ಎಂದು ಈ ಬಳಗದಲ್ಲಿ ಹಿಂದೆಯೇ ಹೇಳಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲೂಪಿಗೆ ‘ಸುತ್ತು’. ವೇರಿಯಬಲ್‌ಗೆ ‘ಬದಲುಕ’. ಆಲ್ಗಾರಿದಮ್‌ಗೆ ‘ನಡೆಬಗೆ’. ಎಲ್ಲೂ ಮಹಾಪ್ರಾಣ ಇಲ್ಲ, ಗಮನಿಸಿ.

ಮೈಸೂರಿನಿಂದ

> ‘ಎಣಿಕೆ’ ಅಂತ ಬರೆಸಿ

ಎಣಿಕೆ ಅಂದರೆ ಓದುವವರಿಗೆ ಮತ ಎಣಿಕೆ. ಸರ್ಕಾರಿ ಶಾಲೆ ಬೇರೆ. ಒಳಗೆ ಮತಪೆಟ್ಟಿಗೆ ಇದೆ ಅಂದುಕೊಂಡಾರು.

ಗಣಕ ಎಂದರೆ ಲೆಕ್ಕ ಮಾಡುವವನು. ಇಂಗ್ಲಿಷಿನ ಕಂಪ್ಯೂಟರ್ ಕೂಡ 20ನೇ ಶತಮಾನದ ನಡುವಿನ ತನಕ ಕೂತು ಲೆಕ್ಕ ಮಾಡುವ ಮನುಷ್ಯರ ಹುದ್ದೆಯ ಹೆಸರೇ ಆಗಿತ್ತು. ಪದ ಸರಿಯಾಗಿ ಹೊಂದುತ್ತದೆ. ‘ತಂತ್ರಾಂಶ’ ಬಂದಾಗಲೂ ಹೀಗೇ ನಕ್ಕರು. ಇವತ್ತು ಪತ್ರಿಕೆಗಳಲ್ಲಿ ಅದೇ ನಡೆಯುತ್ತಿದೆ.

ಬೆಂಗಳೂರಿನಿಂದ

> ‘ತಂತ್ರಾಂಶ’ ಬಂದಾಗಲೂ ಹೀಗೇ ನಕ್ಕರು

ಮತ್ತೆ ಹಾರ್ಡ್‌ವೇರಿಗೆ ‘ಯಂತ್ರಾಂಶ’? ಅದೂ ಅದೇ ಟಂಕಸಾಲೆಯದು ಅಲ್ವಾ? ಕಂಪ್ಯೂಟರ್ ಸಾಮಾನು ಮಾರುವ ಎಸ್.ಪಿ. ರೋಡಿಗೆ ಹೋಗಿ ಯಂತ್ರಾಂಶ ಕೊಡಿ ಅಂತ ಕೇಳಿ ನೋಡಿ.

ಹಳೆಯ ಬಳಕೆಯಲ್ಲಿ ಗಣಕ ಅಂದರೆ ಜೋಯಿಸರೂ ಹೌದು. ಮೇಲೆ ‘ಗಣಕ ಚಿಂತನೆ’, ಕೆಳಗೆ ‘ದೋಷ ನಿವಾರಣೆ’ ಅಂತ ಬರೆಸಿದರೆ ಊರಿನವರು ಜಾತಕ ಹಿಡಿದುಕೊಂಡು ಲ್ಯಾಬಿಗೆ ಬರುತ್ತಾರೆ.

ಇಬ್ಬರೂ ಲೆಕ್ಕವನ್ನೇ ಹಿಡಿದು ಜಗ್ಗುತ್ತಿದ್ದೀರಿ. ‘ಕಂಪ್ಯುಟೇಷನಲ್ ಥಿಂಕಿಂಗ್’ ಅನ್ನುವ ಮಾತನ್ನು ಮಕ್ಕಳ ಕಂಪ್ಯೂಟರ್ ಕಲಿಕೆಯ ಬಗ್ಗೆ ಬರೆದ ಸೀಮೋರ್ ಪ್ಯಾಪರ್ಟ್ 1980ರಲ್ಲೇ ಬಳಸಿದ್ದರು. ಎಲ್ಲರ ಬಾಯಿಗೆ ಬಂದದ್ದು 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜನೆಟ್ ವಿಂಗ್ ಬರೆದ ಚಿಕ್ಕ ಲೇಖನದಿಂದ. ಇದು ಮನುಷ್ಯರು ಯೋಚಿಸುವ ರೀತಿ, ಯಂತ್ರದ್ದಲ್ಲ ಅಂತ ಅವರೇ ಅದರಲ್ಲಿ ಹೇಳಿದ್ದಾರೆ. ದೊಡ್ಡ ಸಮಸ್ಯೆಯನ್ನು ಒಡೆಯುವುದು, ಬೇಡದ ವಿವರ ಕೈಬಿಡುವುದು, ಹೆಜ್ಜೆ ಹೆಜ್ಜೆಯಾಗಿ ಹೇಳುವುದು. ಇದರಲ್ಲಿ ಅಂಕಿ ಇರಲೇಬೇಕು ಅಂತಿಲ್ಲ. ಲಿಥುವೇನಿಯಾದಲ್ಲಿ 2004ರಲ್ಲಿ ಶುರುವಾದ, ಇಂಥ ಯೋಚನೆಯದೇ ಆದ ಬೆಬ್ರಾಸ್ ಸ್ಪರ್ಧೆ ಈಗ ಭಾರತದ ಶಾಲೆಗಳಲ್ಲೂ ನಡೆಯುತ್ತದೆ. ಅದರ ಪ್ರಶ್ನೆಗಳಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಬೆಬ್ರಾಸ್ ಅಂದರೆ ಅವರ ಭಾಷೆಯಲ್ಲಿ ಬೀವರ್ ಎಂಬ ಪ್ರಾಣಿ. ಅದಕ್ಕೆ ಕನ್ನಡ ಹುಡುಕಿ ಅಂತ ಯಾವ ಮಗುವೂ ಹಟ ಹಿಡಿದದ್ದು ನಾನು ಕಂಡಿಲ್ಲ.

ಸುಮ್ನೆ ‘ಕಂಪ್ಯುಟೇಷನಲ್ ಥಿಂಕಿಂಗ್’ ಅಂತ ಕನ್ನಡ ಅಕ್ಷರದಲ್ಲಿ ಬರೆಸಿ.

ಕುಂದಾಪುರದಿಂದ

ಹಾಗಾದರೆ ಶಾಲೆಯ ಬೋರ್ಡನ್ನೂ ‘ಗವರ್ನಮೆಂಟ್ ಹೈಸ್ಕೂಲ್’ ಮಾಡಿಸಿಬಿಡಿ. ಈ ಬಳಗವನ್ನೂ ಮುಚ್ಚೋಣ.

ಕಾಸರಗೋಡಿನಿಂದ

ಒಂದು ಮಾಹಿತಿ. ನಮ್ಮಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಕೇರಳ ಸರ್ಕಾರದ ಐಸಿಟಿ (ಕಂಪ್ಯೂಟರ್ ವಿಷಯದ) ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೂಡ ಅದರಲ್ಲಿದೆ. ಪದ ಹುಡುಕುವವರು ಅದನ್ನೂ ಒಮ್ಮೆ ನೋಡಬಹುದು.

ಸಾಗರದ ನಿವೃತ್ತ ಮೇಷ್ಟ್ರಿಂದ

ಮೇಡಂ, ತಲೆಬರಹ ಕೊನೆಗೆ ನೋಡೋಣ. ಮಕ್ಕಳು ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ, ‘ವರೆಗೆ’ಯಲ್ಲಿ.

ನಾನು ಲೂಪ್ ಶುರು ಮಾಡುತ್ತಿದ್ದದ್ದು ಅಳಗುಳಿ ಮಣೆಯಿಂದ. ಮಣೆಗೆ 14 ಗುಳಿ. ಆಟದ ನಿಯಮ ಊರಿಗೊಂದು ಥರ. ನಮ್ಮ ಮನೆಯದು ಹೀಗೆ: ಒಂದು ಗುಳಿಯ ಕಾಳನ್ನೆಲ್ಲ ಎತ್ತಿಕೋ. ಕೈಯಲ್ಲಿನ ಕಾಳು ಮುಗಿಯುವವರೆಗೆ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗು. ಮುಗಿದಾಗ ಅದರ ಮುಂದಿನ ಗುಳಿ ನೋಡು. ಅದರಲ್ಲಿ ಕಾಳಿದ್ದರೆ ಅದನ್ನೆತ್ತಿ ಮತ್ತೆ ಹಾಕುತ್ತಾ ಹೋಗು. ಖಾಲಿ ಇದ್ದರೆ ಅದರಾಚೆ ಗುಳಿಯ ಕಾಳು ನಿನ್ನದು, ನಿನ್ನ ಸರದಿ ಮುಗಿಯಿತು.

ಇದನ್ನು ಮಕ್ಕಳ ಕೈಲೇ ಬರೆಸಿ. ಲೂಪಿನೊಳಗೊಂದು ಲೂಪು, ಷರತ್ತು, ನಿಲ್ಲುವ ಜಾಗ ಎಲ್ಲವೂ ಅದರಲ್ಲೇ ಇದೆ. ಆಮೇಲೆ ಆ ಹಾಳೆಯನ್ನು ಆಟ ಗೊತ್ತಿಲ್ಲದ ಇನ್ನೊಂದು ಮಗುವಿಗೆ ಕೊಡಿ. ಬರೆದಷ್ಟನ್ನೇ ಮಾಡು, ನಿನ್ನ ಬುದ್ಧಿ ಸೇರಿಸಬೇಡ ಅನ್ನಿ. ನೋಡನೋಡುತ್ತಲೇ ಜಗಳ ಹತ್ತುತ್ತದೆ. ‘ಮುಂದಿನ ಗುಳಿ’ ಅಂದರೆ ಎಡಕ್ಕೋ ಬಲಕ್ಕೋ ಅಂತ ಯಾರೂ ಬರೆದಿರುವುದಿಲ್ಲ. ಸಾಲು ಮುಗಿದ ಮೇಲೆ ಎದುರಿನ ಸಾಲಿಗೆ ತಿರುಗಬೇಕು ಅಂತಲೂ ಬರೆದಿರುವುದಿಲ್ಲ. ಡೀಬಗ್ಗಿಂಗ್ ಪಾಠ ಅಲ್ಲೇ ಆಗುತ್ತದೆ, ಕರೆಂಟ್ ಇಲ್ಲದಿದ್ದರೂ.

ಈಗ ‘ವರೆಗೆ’. ‘ಕಾಳು ಇರುವವರೆಗೆ ಹಾಕು.’ ‘ಕಾಳು ಮುಗಿಯುವವರೆಗೆ ಹಾಕು.’ ಎರಡರಲ್ಲೂ ಮಾಡುವ ಕೆಲಸ ಒಂದೇ, ಷರತ್ತು ಮಾತ್ರ ಉಲ್ಟಾ. ಇಂಗ್ಲಿಷಿನಲ್ಲಿ ಮೊದಲನೆಯದು ವೈಲ್, ಎರಡನೆಯದು ಅಂಟಿಲ್. ನಮಗೆ ಎರಡಕ್ಕೂ ವರೆಗೆ. ವ್ಯತ್ಯಾಸವೆಲ್ಲ ಅದರ ಹಿಂದಿನ ಕ್ರಿಯಾಪದದಲ್ಲಿ ಕೂತಿದೆ. ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚಿನಲ್ಲಿ ‘ರಿಪೀಟ್ ಅಂಟಿಲ್’ ಇದೆ, ಪೈಥಾನಿನಲ್ಲಿ ವೈಲ್ ಇದೆ. ಎಂಟರಲ್ಲಿ ಸ್ಕ್ರ್ಯಾಚ್ ಮಾಡಿ ಒಂಬತ್ತರಲ್ಲಿ ಪೈಥಾನಿಗೆ ಬಂದ ಮಗು ಮನಸ್ಸಿನಲ್ಲಿ ‘ಮುಗಿಯುವವರೆಗೆ’ ಅಂದುಕೊಂಡು ಷರತ್ತನ್ನು ತಿರುಗಿಸದೆ ಬರೆಯುತ್ತದೆ. ಪ್ರೋಗ್ರಾಮ್ ಒಂದು ಸುತ್ತೂ ಹೊಡೆಯುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ.

‘1ರಿಂದ 10ರವರೆಗೆ’ ಕೂಡ ಹೀಗೇ. ಕನ್ನಡದಲ್ಲಿ 10 ಸೇರಿತು. ಪೈಥಾನಿನ ರೇಂಜಿಗೆ 1 ಮತ್ತು 10 ಕೊಟ್ಟರೆ ಅದು 9ಕ್ಕೇ ನಿಲ್ಲುತ್ತದೆ. ‘10 ಮುಟ್ಟುವ ಮುಂಚೆ’ ಅಂತ ಓದಿಸಿ.

ವೇರಿಯಬಲ್‌ಗೆ ಗಣಿತ ಪುಸ್ತಕದ ‘ಚರಾಕ್ಷರ’ ಬೇಡ. ಬೋರ್ಡಿನ ಮೇಲೆ ‘ಕ = ಕ + 1’ ಬರೆದರೆ ಗಣಿತ ಚೆನ್ನಾಗಿ ಬರುವ ಮಗುವೇ ಮೊದಲು ಎದ್ದು ನಿಲ್ಲುತ್ತದೆ: ಎರಡೂ ಕಡೆ ಕ ಕಳೆದರೆ 0 = 1 ಆಯ್ತಲ್ಲ ಸರ್? ಅದು ಕೇಳಿದ್ದು ಸರಿ. ಚರಾಕ್ಷರ ಅಂದ ಮೇಲೆ ಬೀಜಗಣಿತದ ನಿಯಮವನ್ನೂ ಒಪ್ಪಬೇಕು. ಇಲ್ಲಿ ಸಮ ಚಿಹ್ನೆಗೆ ‘ಹಾಕು’ ಅಂತ ಅರ್ಥ. ಬಲಗಡೆಯದನ್ನು ಲೆಕ್ಕ ಮಾಡಿ ಎಡಗಡೆಯ ಖಾನೆಗೆ ಹಾಕು. ನಾನು ‘ಖಾನೆ’ ಅಂತಲೇ ಕಲಿಸಿದೆ.

ಇನ್ನು ತಲೆಬರಹ. ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಅರ್ಥ ಆಗದವರಿಗೆ ಬಿಡಿಸಿ ಹೇಳುತ್ತೇವೆ. ಬೆಂಗಳೂರಿನವರು ಹೇಳಿದ ಒಡೆಯುವ ಕೆಲಸ, ಹೆಜ್ಜೆ ಹೆಜ್ಜೆಯಾಗಿ ಹೇಳುವ ಕೆಲಸ ಎರಡೂ ಆ ಕ್ರಿಯಾಪದದಲ್ಲಿ ಇದೆ. ‘ಬಿಡಿಸಿ ಯೋಚಿಸು’ ಅಂತ ಬರೆಸಿ.

ಕುಂದಾಪುರದಿಂದ

> ನಾನು ‘ಖಾನೆ’ ಅಂತಲೇ ಕಲಿಸಿದೆ

ಫಾರ್ಸಿ. ಮಹಾಪ್ರಾಣ ಬೇರೆ. ಎದುರಿಗೆ ಮಣೆ ಇಟ್ಟುಕೊಂಡು ಖಾನೆ ಯಾಕೆ ಮೇಷ್ಟ್ರೇ? ‘ಗುಳಿ’ ಅನ್ನಿ. ಕಾಳು ಇಡುವ ಜಾಗ. ಜಾಗ ಅಲ್ಲೇ ಇರುತ್ತದೆ, ಒಳಗಿನ ಕಾಳು ಬದಲಾಗುತ್ತಾ ಇರುತ್ತದೆ. ‘ಬದಲುಕ’ಕ್ಕಿಂತ ಇದೇ ಮೇಲು.

‘ಬಿಡಿಸಿ’ ಒಪ್ಪಿದೆ. ‘ಯೋಚಿಸು’ ಸಂಸ್ಕೃತ. ‘ಬಿಡಿಸಿ ಎಣಿಸು’ ಆಗಬೇಕು.

ಬೆಂಗಳೂರಿನಿಂದ

ಗುಳಿ ಚೆನ್ನಾಗಿದೆ. ಅರ್ರೇ, ಅಂದರೆ ಸಾಲಾಗಿ ಜೋಡಿಸಿದ ಹಲವು ಗುಳಿ, ಬಂದಾಗ ‘ಮಣೆ’ ಅಂದರಾಯಿತು. ಪೈಥಾನ್ ಮಣೆಯಲ್ಲಿ ಮೊದಲ ಗುಳಿಯ ನಂಬರು 0 ಅಂತ ಮಾತ್ರ ಮೊದಲೇ ಹೇಳಿಬಿಡಿ.

‘ಬಿಡಿಸಿ ಎಣಿಸು’ ಅಂದರೆ ಕಡಲೆಕಾಯಿ ಬಿಡಿಸಿ ಎಣಿಸು ಅಂದ ಹಾಗೆ ಕೇಳುತ್ತದೆ.

ಮೈಸೂರಿನಿಂದ

ಗುಳಿ, ಕಾಳು, ಮಣೆ. ಪರಿಭಾಷೆ ಎಂದರೆ ಪಕ್ಕದ ಶಾಸ್ತ್ರಗಳ ಜೊತೆಗೂ ಹೊಂದಬೇಕು. ಚರ ಎಂದರೆ ಅಚರ, ಚರಾಕ್ಷರ, ಚರಾಂಕ ಎಂದು ಸರಣಿ ಬೆಳೆಯುತ್ತದೆ. ಗುಳಿಯಿಂದ ಏನು ಬೆಳೆಯುತ್ತದೆ?

ಕುಂದಾಪುರದಿಂದ

ಪಿಯುಸಿ ಸೈನ್ಸಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ಬೆಳೆಯುತ್ತದೆ. ನಿಮ್ಮ ಸರಣಿಯನ್ನು ಅಲ್ಲಿ ಯಾರು ಓದುತ್ತಾರೆ?

ಧಾರವಾಡದಿಂದ

ಎಲ್ಲಾರೂ ಆಲ್ಗಾರಿದಮ್ ಇಂಗ್ಲಿಷ್ ಪದ ಅಂತ ತಿಳಕೊಂಡೇ ಬಡಿದಾಡಲಿಕ್ಕೆ ಹತ್ತೀರಿ. ಅದು ಊರಿನ ಹೆಸರು. ಅರಲ್ ಸಮುದ್ರದ ದಕ್ಷಿಣಕ್ಕೆ ಖ್ವಾರಿಜ್ಮ್ ಎಂಬ ಸೀಮೆ. ಅಲ್ಲಿಯವನು ಅಲ್ ಖ್ವಾರಿಜ್ಮಿ, 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗ್ಗೆ ಅವನು ಬರೆದದ್ದು ಲ್ಯಾಟಿನ್‌ಗೆ ಹೋದಾಗ ಅವನ ಹೆಸರು ‘ಅಲ್ಗೊರಿಟ್ಮಿ’ ಆಯಿತು. ಅಂಕಿ ಇಲ್ಲಿಂದ ಹೋಯಿತು, ಹೆಸರು ಅಲ್ಲಿಂದ ಬಂತು. ಊರ ಹೆಸರನ್ನು ಯಾರರೆ ಅನುವಾದ ಮಾಡತಾರೇನು? ಆಲ್ಗಾರಿದಮ್ ಇರಲಿ ಬಿಡ್ರಿ. ದಿನಾ ಬೀಗಕ್ಕೆ ಹಾಕುವ ಚಾವಿ ಪೋರ್ಚುಗೀಸರದು. ತಹಶೀಲ್ದಾರ್, ಜಮೀನು ಎಲ್ಲಿಂದ ಬಂದವು ಅಂತ ರೈತರನ್ನು ಕೇಳಿದರೆ ನಗುತ್ತಾರೆ.

ಡೀಬಗ್ಗಿಂಗ್‌ಗೆ ‘ಹುಳ ಹುಡುಕು’. ಬಗ್ ಅಂದರೆ ಹುಳ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಕಂಪ್ಯೂಟರಿನೊಳಗೆ ಪತಂಗ ಸಿಕ್ಕಿತು, ಅದರಿಂದಲೇ ಪದ ಹುಟ್ಟಿತು ಅಂತ ಯಾರಾದರೂ ಕತೆ ತೆಗೆಯುವ ಮುಂಚೆ ಹೇಳಿಬಿಡುತ್ತೇನೆ: ಎಡಿಸನ್ 1878ರ ಪತ್ರದಲ್ಲೇ ಯಂತ್ರದ ದೋಷ ಎಂಬ ಅರ್ಥದಲ್ಲಿ ಬಗ್ ಎಂದು ಬರೆದಿದ್ದಾನೆ.

ಕುಂದಾಪುರದಿಂದ

> ಚಾವಿ ಪೋರ್ಚುಗೀಸರದು

ಬಂದದ್ದು ಬಂದಿದೆ. ಇನ್ನು ಬರುವವರಿಗೂ ಬಾಗಿಲು ತೆಗೆದಿಡಿ ಅಂತ ಎಲ್ಲಿ ಬರೆದಿದೆ? ನಮ್ಮ ಕಡೆ ಅದಕ್ಕೆ ಬೀಗದಕೈ ಎನ್ನುತ್ತೇವೆ.

ಚಿತ್ರದುರ್ಗ ಜಿಲ್ಲೆಯ ಗಣಿತ ಶಿಕ್ಷಕಿಯಿಂದ

ಎಲ್ಲರಿಗೂ ವಂದನೆ. ಪೇಂಟರ್‌ಗೆ ಚೀಟಿ ಬರೆದಾಯಿತು. ದೊಡ್ಡದಾಗಿ ‘ಬಿಡಿಸಿ ಯೋಚಿಸು’, ಅದರಡಿ ಸಣ್ಣ ಅಕ್ಷರದಲ್ಲಿ ‘ಕಂಪ್ಯುಟೇಷನಲ್ ಥಿಂಕಿಂಗ್’. ಆಲ್ಗಾರಿದಮ್ ಇದ್ದ ಹಾಗೇ. ಗುಳಿ, ಸುತ್ತು, ಹುಳ ಹುಡುಕು. ಪಕ್ಕದಲ್ಲಿ ಅವುಗಳ ಇಂಗ್ಲಿಷ್ ಪದವೂ ಕನ್ನಡ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಪಿಯುಸಿಯಲ್ಲಿ ನಮ್ಮ ಮಕ್ಕಳು ಕಂಗಾಲಾಗುತ್ತಾರೆ. ಸಾಗರದ ಸರ್, ನಿಮ್ಮ ‘ಇರುವವರೆಗೆ’ ಮತ್ತು ‘ಮುಗಿಯುವವರೆಗೆ’ ಎರಡನ್ನೂ ಎದುರುಬದುರು ಬರೆಸುತ್ತಿದ್ದೇನೆ. ಮಣೆ ನಮ್ಮ ಅಡುಗೆ ಸಹಾಯಕಿಯವರ ಮನೆಯಲ್ಲಿ ಸಿಕ್ಕಿದೆ, ಕಾಳಿಗೆ ಹುಣಸೆ ಬೀಜ ಇದೆ.

ಅಬ್‌ಸ್ಟ್ರಾಕ್ಷನ್‌ಗೆ ಜಾಗ ಖಾಲಿ ಬಿಟ್ಟಿದ್ದೇನೆ. ‘ಅಮೂರ್ತೀಕರಣ’ ಗೋಡೆಯಲ್ಲೂ ಹಿಡಿಯಲಿಲ್ಲ, ಮಕ್ಕಳ ಬಾಯಲ್ಲೂ ಹಿಡಿಯಲಿಲ್ಲ.

ಮೈಸೂರಿನಿಂದ

‘ಬಿಡಿಸಿ ಯೋಚಿಸು’ ಎನ್ನುವುದು ಘೋಷವಾಕ್ಯ, ಪರಿಭಾಷೆ ಅಲ್ಲ. ಅಮೂರ್ತೀಕರಣಕ್ಕೆ ಬೇರೆ ಪದ ಇಲ್ಲ.

ಕುಂದಾಪುರದಿಂದ

‘ಸಾರು’ ಇದೆ. ಸಾರ ತೆಗೆದಿಡುವುದು.

ಬೆಂಗಳೂರಿನಿಂದ

ಶಾಲೆ ಗೋಡೆ ಮೇಲೆ ‘ಸಾರು’ ಅಂತ ಬರೆದರೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ ಸರ್.

ಬಳಗದ ನಿರ್ವಾಹಕರಿಂದ

ಕೇಳಿದವರಿಗೆ ಪದ ಸಿಕ್ಕಿದೆ. ‘ಎಣ್ಣುಕ’, ಚಾವಿ, ಮಹಾಪ್ರಾಣಗಳ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ.

ಕುಂದಾಪುರದಿಂದ

ತೆರೆದಿದ್ದೇನೆ. ವಿಷಯ: ‘ಎಣ್ ಧಾತುವಿನ ಎರಡು ಅರ್ಥಗಳು, ಹಾಗೂ ಮೈಸೂರಿನವರಿಗೆ ಉತ್ತರ’.