ಪ್ರಶ್ನೋತ್ತರ: ಹಳೆ ಕಟ್ಟಡ, ಪಕ್ಕದಲ್ಲಿ ಹೊಸ ಗುಂಡಿ

ಅಡ್ಮಿನ್: ಹಳೆ ಕಟ್ಟಡಗಳ ಸಂರಕ್ಷಣೆ ಮಾಡುವ ಇಂಜಿನಿಯರ್ ಮೇಡಂ ಇವತ್ತು ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಒದ್ದೆ ಗೋಡೆ: ನಮಸ್ತೆ ಮೇಡಂ. ಅಜ್ಜನ ಕಾಲದ ಮನೆ. ನೆಲದಿಂದ ಮೂರು ಅಡಿವರೆಗೆ ಗೋಡೆ ಒದ್ದೆ, ಬಿಳಿ ಪುಡಿ ಉದುರುತ್ತದೆ. ಸಿಮೆಂಟ್ ಗಿಲಾವು ಮಾಡಿಸಿದರೆ ನಿಲ್ಲುತ್ತಾ?

ಇಂಜಿನಿಯರ್: ನಮಸ್ತೆ. ನಿಲ್ಲುವುದಿಲ್ಲ, ಒದ್ದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೆಲದಿಂದ ಏರಿದ ನೀರು ಅಲ್ಲಿಂದ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಮೊದಲು ಹೊರಗೆ ಹೋಗಿ ನೋಡಿ. ಮಳೆ ನೀರಿನ ಪೈಪ್ ಒಡೆದಿದೆಯಾ? ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ನಿಮ್ಮ ಒಳನೆಲಕ್ಕಿಂತ ಎತ್ತರವಾಗಿದೆಯಾ? ಬೆಳೆಯುವ ಊರಲ್ಲಿ ಇದೇ ಜಾಸ್ತಿ. ನೀರು ಬರುವುದು ನಿಂತ ಮೇಲೆ ಗೋಡೆ ಒಣಗಲು ಬಿಡಿ, ಆಮೇಲೆ ಗಾರೆಯನ್ನೇ ಹಾಕಿಸಿ.

ಅಟ್ಟದ ಮನೆ: ತೊಲೆಗೆ ಗೆದ್ದಲು ಹಿಡಿದಿದೆ. ಸೀಮೆಎಣ್ಣೆ ಬಳಿದರೆ ಸಾಕು ಅಂತ ಒಂದು ವಿಡಿಯೋ ಬಂದಿದೆ.

ಇಂಜಿನಿಯರ್: ಮನೆಗೆ ಬೆಂಕಿ ಹಿಡಿಯಲು ಸಾಕು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಆ ತುದಿಯನ್ನು ನಂಬಬೇಡಿ. ಕೆಳಗೆ ಆಸರೆ ನಿಲ್ಲಿಸಿ, ಆಮೇಲೆ ಬಡಗಿಯನ್ನು ಕರೆಯಿರಿ.

ವಾಚನಾಲಯ: ಮೇಡಂ, ನಮ್ಮದು ಎರಡಂತಸ್ತಿನ ಹಳೆ ವಾಚನಾಲಯ. ಪಕ್ಕದ ಜಾಗದಲ್ಲಿ ಎರಡು ಬೇಸ್‌ಮೆಂಟ್‌ಗೆ ಗುಂಡಿ ತೋಡುತ್ತಿದ್ದಾರೆ. ಪಂಪ್ ಹಗಲು ರಾತ್ರಿ ಓಡುತ್ತಿದೆ. ಹೋದ ವಾರ ಮೇಲಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಒಂದು ಬಾಗಿಲು ಹಾಕಲು ಬರುತ್ತಿಲ್ಲ. ಹಳೆ ಕಟ್ಟಡ ಅಂದಮೇಲೆ ಬಿರುಕು ಇದ್ದದ್ದೇ ಅಂತಾರೆ ಅವರ ಗುತ್ತಿಗೆದಾರರು.

ಇಂಜಿನಿಯರ್: ಮೂರು ವಿಷಯ ತಕ್ಷಣ ಹೇಳಿ. ಬಿರುಕು ಮೇಲೆ ಅಗಲವೋ, ಕೆಳಗೆ ಅಗಲವೋ? ಆ ಬಾಗಿಲು ಗುಂಡಿ ಕಡೆಯದಾ? ಪಂಪಿನಿಂದ ಬರುವ ನೀರು ತಿಳಿಯಾಗಿದೆಯಾ, ಕೆಸರಾ?

ಗಡಿಯಾರ ಗೋಪುರ: ಗೋಪುರದ ಗಡಿಯಾರ ನಿಂತು ಎಷ್ಟೋ ವರ್ಷವಾಯಿತು. ಹಳೆ ಯಂತ್ರ ಉಳಿಸಿಕೊಳ್ಳಬಹುದಾ?

ಕಮಾನು: ಕಮಾನಿಗೆ ಬಿರುಕು. ಮೇಸ್ತ್ರಿ ಕಬ್ಬಿಣದ ಪಟ್ಟಿ ಹಾಕಿ ಸಿಮೆಂಟ್ ತುಂಬೋಣ ಅಂತಾರೆ.

ಇಂಜಿನಿಯರ್: ಬೇಡ. ಅಥೆನ್ಸ್‌ನ ಪ್ರಾಚೀನ ದೇಗುಲ ಪಾರ್ಥೆನಾನ್‌ಗೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಾಗೇ ಕಬ್ಬಿಣ ಹಾಕಿದರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಅಮೃತಶಿಲೆ ಒಳಗಿನಿಂದಲೇ ಸೀಳಿತು. ಆಮೇಲೆ ಅದನ್ನೆಲ್ಲ ಕಿತ್ತು ಟೈಟಾನಿಯಂ ಹಾಕಬೇಕಾಯಿತು. ಕಮಾನು ಯಾಕೆ ಅಗಲವಾಯಿತು ಅಂತ ಮೊದಲು ತಿಳಿಯಲಿ.

ಹೊಸಬ: ಮೇಡಂ, ಗೋಡೆ ಒದ್ದೆ ಇದೆ, ಸಿಮೆಂಟ್ ಹಾಕಿಸಬಹುದಾ?

ಇಂಜಿನಿಯರ್: ಮೇಲೆ ಬರೆದಿದ್ದೇನೆ.

ವಾಚನಾಲಯ: ಬಿರುಕು ಮೇಲೆ ಅಗಲ, ಉಗುರು ಒಳಗೆ ಹೋಗುತ್ತದೆ. ಬಾಗಿಲು ಗುಂಡಿ ಕಡೆಯದೇ. ನೀರು ಕೆಂಪು ಕೆಸರು.

ಇಂಜಿನಿಯರ್: ಸರಿ, ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬೇರೆಯವರು ಕಾಯಿರಿ.

ಮೇಲೆ ಅಗಲವಾಗಿ ಕೆಳಗೆ ಸಣ್ಣಗಾಗುವ ಓರೆ ಬಿರುಕು, ಅದೂ ಗುಂಡಿಯ ಕಡೆ. ಕಟ್ಟಡದ ಆ ತುದಿ ಕುಸಿದು ಗುಂಡಿಯತ್ತ ವಾಲುತ್ತಿರಬಹುದು. ಬಾಗಿಲಿನ ಚೌಕಟ್ಟು ಓರೆಯಾಗಿರುವುದೂ ಅದನ್ನೇ ಹೇಳುತ್ತದೆ. ಹಳೆ ಕಟ್ಟಡದ ಪಾಯ ಸಾಮಾನ್ಯವಾಗಿ ಆಳ ಇರುವುದಿಲ್ಲ. ಎರಡು ಬೇಸ್‌ಮೆಂಟ್ ಅಂದರೆ ಗುಂಡಿ ನಿಮ್ಮ ಪಾಯಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತದೆ. ನಿಮ್ಮ ಪಾಯದಡಿಯ ಮಣ್ಣನ್ನು ಇಷ್ಟು ದಿನ ಪಕ್ಕದ ಮಣ್ಣು ಒತ್ತಿ ಹಿಡಿದಿತ್ತು. ಈಗ ಅಲ್ಲಿ ಖಾಲಿ.

ನನಗೆ ಬಿರುಕಿಗಿಂತ ಕೆಸರು ನೀರಿನ ಚಿಂತೆ ಜಾಸ್ತಿ. ಪಂಪ್ ಮಾಡಿದಾಗ ನೆಲದೊಳಗಿನ ನೀರಿನ ಮಟ್ಟ ಇಳಿದು ಸುತ್ತಲಿನ ಮಣ್ಣು ಅಮುಕಿಕೊಳ್ಳುತ್ತದೆ. ಅದೊಂದೇ ಆಗಿದ್ದರೆ ನಿಧಾನದ ಕೆಲಸ. ನೀರು ಕೆಸರಾಗಿದ್ದರೆ ನೀರಿನ ಜೊತೆ ನುಣ್ಣನೆ ಮಣ್ಣೂ ಹೋಗುತ್ತಿರಬಹುದು. ನಿಮ್ಮ ಪಾಯದ ಕೆಳಗೆ ಪೊಳ್ಳಾದರೆ ಹೊರಗೆ ಏನೂ ಕಾಣಿಸುವುದಿಲ್ಲ. ಒಂದು ಬಕೆಟ್ ನೀರು ಹಿಡಿದಿಡಿ. ಬೆಳಿಗ್ಗೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ, ಫೋಟೋ ತೆಗೆಯಿರಿ.

ಇವತ್ತೇ ಆ ಕಡೆಯ ಕೋಣೆಗಳನ್ನು ಬಂದ್ ಮಾಡಿ. ಪುಸ್ತಕದ ಕಪಾಟು ತುಂಬಾ ಭಾರ. ಮೇಲಂತಸ್ತಿನ ಪುಸ್ತಕಗಳನ್ನು ಇಳಿಸಬೇಕಾಗುತ್ತದೆ, ಆದರೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡುವವರೆಗೆ ಒಳಗೆ ಯಾರೂ ಹೋಗಬೇಡಿ. ಸುರಕ್ಷಿತವಾಗಿ ಕೈಗೆ ಸಿಗುವ ಕಡೆ ಬಿರುಕಿನ ಎರಡು ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಅಳೆದು, ತಾರೀಖು ಗೋಡೆಯ ಮೇಲೇ ಬರೆಯಿರಿ. ದಿನಾ ಅದೇ ಹೊತ್ತಿಗೆ ಅಳೆಯಿರಿ. ಬಿರುಕನ್ನು ಮುಚ್ಚಬೇಡಿ, ಮುಚ್ಚಿದರೆ ಸಾಕ್ಷಿಯೇ ಹೋಯಿತು. ಅಗೆತ ನಿಲ್ಲಿಸಿ, ಗುಂಡಿಯ ಗೋಡೆಗೆ ಆಸರೆ ಕೊಡಿ ಅಂತ ಪಕ್ಕದವರಿಗೂ ಕಟ್ಟಡ ಪರವಾನಗಿ ಕೊಟ್ಟ ಕಚೇರಿಗೂ ಬರಹದಲ್ಲಿ ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಕಟ್ಟುವವನು: ನಾನೂ ಇದೇ ಕೆಲಸದಲ್ಲಿದ್ದೇನೆ. ಸುಮ್ನೆ ಹೆದರಿಸಬೇಡಿ ಮೇಡಂ. ಕಲ್ಲು ಒಡೆಯುವ ಬ್ರೇಕರ್ ಓಡಿದರೆ ನಾಲ್ಕು ಬಿರುಕು ಬರುತ್ತದೆ, ಸಿಮೆಂಟ್ ಹಾಲು ಬಿಟ್ಟರೆ ಬೆಸೆದುಕೊಳ್ಳುತ್ತದೆ.

ಇಂಜಿನಿಯರ್: ಜರ್ಮನಿಯ ಡಿಐಎನ್ 4150 ಮಾನದಂಡ ನೋಡಿ. ಕಡಿಮೆ ಆವರ್ತನದ ಕಂಪನದ ವೇಗಕ್ಕೆ ವಾಣಿಜ್ಯ ಕಟ್ಟಡದ ಪಾಯದಲ್ಲಿ ಸೆಕೆಂಡಿಗೆ 20 ಮಿಲಿಮೀಟರ್ ಮಿತಿ. ಸೂಕ್ಷ್ಮವಾದ ಪಾರಂಪರಿಕ ಕಟ್ಟಡಕ್ಕೆ 3. ನಿಮ್ಮ ಸೈಟಿನಲ್ಲಿ ಅಳೆದಿದ್ದೀರಾ? ಇನ್ನು, ಕೆಳಗೆ ಮಣ್ಣು ಜಾರುತ್ತಿರುವಾಗ ಮೇಲೆ ಸಿಮೆಂಟ್ ಹಾಲು ಬಿಟ್ಟು ಏನನ್ನು ಬೆಸೆಯುತ್ತೀರಿ?

ಕಟ್ಟುವವನು: ಇಷ್ಟೆಲ್ಲ ಯಾಕೆ, ಕೆಡವಿ ಅದೇ ಡಿಸೈನ್‌ನಲ್ಲಿ ಹೊಸದು ಕಟ್ಟಿ. ಪೋಲೆಂಡಿನ ವಾರ್ಸಾದಲ್ಲಿ ಹಳೇ ಪೇಟೆ ಪೂರ್ತಿ ಹೊಸದಾಗಿ ಕಟ್ಟಿದ್ದಾರೆ, ಯುನೆಸ್ಕೋ ಪಟ್ಟಿಯಲ್ಲೂ ಇದೆ.

ಕಿಟಕಿ ಪ್ರೇಮಿ: ವಾರ್ಸಾವನ್ನು ಯುದ್ಧದಲ್ಲಿ ನೆಲಸಮ ಮಾಡಿದ್ದರು ಸ್ವಾಮಿ. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಅಂತ ಯಾರೂ ಕೆಡವಲಿಲ್ಲ.

ಒದ್ದೆ ಗೋಡೆ: ಮಾತಾಡುವುದು ಸುಲಭ. ಹಳೆ ಮನೆ ಉಳಿಸಿ ಅಂತ ಎಲ್ಲರೂ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹೆಂಚು ಹೊದಿಸುವ ಖರ್ಚು ಯಾರು ಕೊಡುತ್ತಾರೆ?

ಕಿಟಕಿ ಪ್ರೇಮಿ: ನ್ಯೂಯಾರ್ಕ್‌ನಲ್ಲಿ 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣ ಕೆಡವಲು ಶುರು ಮಾಡಿದ ಮೇಲೆ ಜನಕ್ಕೆ ಎಚ್ಚರವಾಗಿ 1965ರಲ್ಲಿ ಹಳೆ ಕಟ್ಟಡ ಉಳಿಸುವ ಕಾನೂನು ಬಂತು. ಅಲ್ಲಿ ಹಳೆ ಕಟ್ಟಡದ ಮೇಲೆ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಹತ್ತಿರದ ಬೇರೆ ಜಾಗಕ್ಕೆ ಮಾರಲು ಅವಕಾಶ ಇದೆ.

ಒದ್ದೆ ಗೋಡೆ: ನ್ಯೂಯಾರ್ಕ್ ಕಥೆ ಬೇಡ. ನನ್ನ ಜಾಗದ ಹಕ್ಕು ಕೊಳ್ಳಲು ಯಾರು ಕಾಯುತ್ತಿದ್ದಾರೆ?

ಕಟ್ಟುವವನು: ನೋಡಿದ್ರಾ, ಮಾಲೀಕರೇ ಹೇಳುತ್ತಿದ್ದಾರೆ.

ಕಿಟಕಿ ಪ್ರೇಮಿ: ನಿಮಗೆ ಕೆಡವುವ ಕೆಲಸ ಸಿಗಬೇಕು, ಅಷ್ಟೇ ಅಲ್ವಾ?

ಕಟ್ಟುವವನು: ಬಾಯಿಗೆ ಬಂದಂತೆ ಬರೆಯಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಇಂಜಿನಿಯರ್: ಖರ್ಚಿನ ಪ್ರಶ್ನೆ ಸರಿಯಾದ ಪ್ರಶ್ನೆ, ಬಾಯಿ ಮುಚ್ಚಿಸುವಂಥದ್ದಲ್ಲ. ಬಳಕೆಯಲ್ಲಿರುವ ಕಟ್ಟಡವೇ ಉಳಿಯುವುದು. ಹಳೆ ಕಟ್ಟಡಗಳ ಸಂರಕ್ಷಣೆಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು ಕೂಡ ಜನರ ಉಪಯೋಗಕ್ಕೆ ಬರುವ ಕಟ್ಟಡದ ರಕ್ಷಣೆ ಸುಲಭ ಅನ್ನುತ್ತದೆ. ಆದರೆ ಈ ಜಗಳ ಇಲ್ಲಿ ಬೇಡ. ವಾಚನಾಲಯದವರು ಎಲ್ಲಿ?

ಗಡಿಯಾರ ಗೋಪುರ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿತು ಮೇಡಂ.

ಶುಭೋದಯ: ಗೋಡೆಯ ಬಿಳಿ ಉಪ್ಪಿಗೆ ವಿನೆಗರ್ ಸಿಂಪಡಿಸಿ, ನೊರೆ ಬಂದರೆ ಉಪ್ಪು ಸಾಯುತ್ತದೆ. ಹತ್ತು ಜನರಿಗೆ ಕಳಿಸಿ.

ಇಂಜಿನಿಯರ್: ಆ ನೊರೆ ನಿಮ್ಮ ಸುಣ್ಣ ಕರಗುತ್ತಿರುವುದು. ವಿನೆಗರ್ ಆಮ್ಲ, ಗಾರೆಯನ್ನೇ ತಿನ್ನುತ್ತದೆ, ಮೇಲಿಂದ ಇನ್ನೊಂದು ಉಪ್ಪನ್ನು ಬಿಟ್ಟುಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಆಚೆ ಹಾಕಿ. ಅಡ್ಮಿನ್, ಫಾರ್ವರ್ಡ್ ಬೇಡ ಅಂದಿದ್ದಿರಿ ಅಲ್ವಾ?

ಕಮಾನು: ಹಾಗಾದರೆ ಸಿಮೆಂಟ್ ಸ್ವಲ್ಪ, ಸುಣ್ಣ ಸ್ವಲ್ಪ ಬೆರೆಸಿದರೆ?

ಇಂಜಿನಿಯರ್: ಬೇಡ ಅಂದರೆ ಬೇಡ.

ವಾಚನಾಲಯ: ಮೇಡಂ, ಕೋಣೆಗಳಿಗೆ ಬೀಗ ಹಾಕಿದ್ದೇವೆ. ಗೇಟಿನ ಹತ್ತಿರ ಗಲಾಟೆ ಆಗಿ ಅವರು ಪಂಪ್ ಪೂರ್ತಿ ಬಂದ್ ಮಾಡುತ್ತೇವೆ ಅನ್ನುತ್ತಿದ್ದಾರೆ. ಒಳ್ಳೆಯದೇ ಅಲ್ವಾ?

ಇಂಜಿನಿಯರ್: ಅಲ್ಲ. ಒಮ್ಮೆಗೇ ನಿಲ್ಲಿಸಿದರೆ ಗುಂಡಿಗೆ ನೀರು ನುಗ್ಗಿ, ಆಸರೆ ಇಲ್ಲದ ಮಣ್ಣಿನ ಗೋಡೆ ನೆನೆದು ಕುಸಿಯಬಹುದು. ಮೊದಲು ಅಗೆತ ನಿಲ್ಲಲಿ. ನಿಮ್ಮ ಗೋಡೆಯ ಪಕ್ಕದಲ್ಲಿ ಮಣ್ಣು ವಾಪಸ್ ತುಂಬುವುದೋ, ಬೇರೆ ಆಸರೆಯೋ, ಪಂಪನ್ನು ಯಾವಾಗ, ಎಷ್ಟು ಇಳಿಸುವುದು, ಇದನ್ನೆಲ್ಲ ಮಣ್ಣು ಬಲ್ಲ ಇಂಜಿನಿಯರ್ ಸ್ಥಳದಲ್ಲಿ ನಿಂತು ಹೇಳಬೇಕು. ಅವರ ಸೈಟ್ ಇಂಜಿನಿಯರ್ ನಂಬರ್ ನನಗೆ ಪ್ರತ್ಯೇಕವಾಗಿ ಕಳಿಸಿ, ಈಗಲೇ.