ಅಲ್ಲಾಡದ, ಕಿರುಗುಟ್ಟದ ಪಿಯಾನೋ ಸ್ಟೂಲ್ ಯಾವುದು?

ಬಿಡುವಿನ_ಬೆರಳು:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್‌ರೈಟ್ ಪಿಯಾನೋ ಇದೆ. ನುಡಿಸುವವರು ಇಬ್ಬರು, ನಾನು ಮತ್ತು ಒಂಬತ್ತು ವರ್ಷದ ಮಗಳು. ಈಗಿರುವುದು ತಿರುಗುವ ದುಂಡನೆ ಸ್ಟೂಲ್, ನಡುವೆ ದಪ್ಪ ಸ್ಕ್ರೂ ಇರುತ್ತದಲ್ಲ, ಆ ಥರದ್ದು. ಎಡತುದಿಯ ಕೀಗೆ ಕೈ ಚಾಚಿದರೆ ಸೀಟೂ ನನ್ನ ಜೊತೆಗೇ ವಾಲುತ್ತದೆ. ಮಗಳಂತೂ ನುಡಿಸುವುದಕ್ಕಿಂತ ಜಾಸ್ತಿ ಹೊತ್ತು ಅದರ ಮೇಲೆ ಗಿರಗಿರ ಸುತ್ತುತ್ತಾಳೆ.

ಹೊಸದು ನೋಡೋಣ ಅಂತ ಹೊರಟರೆ ತಲೆ ಕೆಟ್ಟುಹೋಯಿತು. ಮಡಚಿಡುವ ಎಕ್ಸ್ ಕಾಲಿನದು, ಮುಚ್ಚಳ ಎತ್ತಿದರೆ ಒಳಗೆ ಪುಸ್ತಕ ಇಡಬಹುದಾದದ್ದು, ಎರಡೂ ಪಕ್ಕ ನಾಬ್ ಇರುವುದು, ಹೈಡ್ರಾಲಿಕ್ ಅನ್ನುವುದು ಇನ್ನೊಂದು. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಪ್ಪಗೆ ಹೊಳೆಯುತ್ತವೆ, ಬೆಲೆಯಲ್ಲಿ ಮಾತ್ರ ಒಂದಕ್ಕೆ ನಾಲ್ಕೈದು ಪಟ್ಟು ವ್ಯತ್ಯಾಸ. ಆ ಜಾಸ್ತಿ ದುಡ್ಡು ಯಾವುದಕ್ಕೆ ಹೋಗುತ್ತದೆ? ಇಬ್ಬರೂ ಒಟ್ಟಿಗೆ ಕೂರುವ ಉದ್ದ ಬೆಂಚ್ ತೆಗೆದುಕೊಂಡರೆ ಒಳ್ಳೆಯದಾ?

ಮಣಿಕಟ್ಟು:
ಪಾಠ ಹೇಳುವವಳಾಗಿ ಹೇಳುತ್ತೇನೆ, ಉಳಿದದ್ದೆಲ್ಲ ಆಮೇಲೆ, ಮೊದಲು ಎತ್ತರ. ಪಿಯಾನೋದ ಬಿಳಿ ಕೀಗಳು ನೆಲದಿಂದ ಸುಮಾರು 72–74 ಸೆಂಟಿಮೀಟರ್ ಮೇಲಿರುತ್ತವೆ. ಅದನ್ನು ಏರಿಸೋಕೂ ಆಗಲ್ಲ, ಇಳಿಸೋಕೂ ಆಗಲ್ಲ. ಹಾಗಾಗಿ ಹೊಂದಿಕೊಳ್ಳಬೇಕಾದ್ದು ಸ್ಟೂಲೇ. ಕೂತು, ಭುಜ ಸಡಿಲ ಬಿಟ್ಟು, ಬೆರಳನ್ನು ಕೀ ಮೇಲಿಟ್ಟಾಗ ಮೊಣಕೈ ಕೀಗಳ ಮಟ್ಟದಲ್ಲಿರಬೇಕು, ಇಲ್ಲವೇ ಒಂದು ಚೂರು ಮೇಲೆ. ತೀರಾ ಕೆಳಗೆ ಕೂತರೆ ಮಣಿಕಟ್ಟು ಜೋತುಬೀಳುತ್ತದೆ, ಅದನ್ನು ಸರಿಮಾಡಲು ಗೊತ್ತಿಲ್ಲದೆಯೇ ಭುಜ ಎತ್ತಿಕೊಳ್ಳುತ್ತೇವೆ. ತೀರಾ ಮೇಲೆ ಕೂತರೆ ಬೆನ್ನು ಬಾಗುತ್ತದೆ.

ಆಳಿನ ಎತ್ತರ ನೋಡಿ ಸ್ಟೂಲಿನ ಎತ್ತರ ಹೇಳೋಕಾಗಲ್ಲ. ಸೊಂಟದಿಂದ ಭುಜದವರೆಗಿನ ಉದ್ದ ಮತ್ತು ತೋಳಿನ ಉದ್ದ, ಇವೆರಡೇ ಲೆಕ್ಕ. ಒಂದೇ ಎತ್ತರದ ಇಬ್ಬರಿಗೆ ಬೇರೆ ಬೇರೆ ಸೀಟು ಬೇಕಾಗಬಹುದು. ಗ್ಲೆನ್ ಗೌಲ್ಡ್ ಅಂತಹ ದೊಡ್ಡ ಪಿಯಾನೋ ವಾದಕ ಅವರಪ್ಪ ಕಾಲು ಕತ್ತರಿಸಿಕೊಟ್ಟ ಮಡಚುವ ಕುರ್ಚಿಯ ಮೇಲೆ, ನೆಲದಿಂದ ಬರೀ 35 ಸೆಂಟಿಮೀಟರ್ ಆಸುಪಾಸಿನಲ್ಲಿ ಕೂತು ಜೀವನಪೂರ್ತಿ ನುಡಿಸಿದರು. ಅದನ್ನು ನೋಡಿ ನಾವೂ ಹಾಗೆ ಮಾಡಬಾರದು, ಆದರೆ ಎಲ್ಲರಿಗೂ ಒಂದೇ ಎತ್ತರ ಅನ್ನುವುದು ಇಲ್ಲ ಅಂತ ಗೊತ್ತಾಗುತ್ತದೆ ಅಲ್ವಾ.

ಏರಿಳಿಸುವ ಬೆಂಚುಗಳು ಸಾಮಾನ್ಯವಾಗಿ 48ರಿಂದ 58 ಸೆಂಟಿಮೀಟರ್ ಒಳಗೆ ಆಡುತ್ತವೆ. ನಿಮ್ಮ ಮಗಳಿಗೆ ಮೇಲಿನ ತುದಿ ಬೇಕಾಗುತ್ತದೆ. ಆಗ ಅವಳ ಕಾಲು ನೆಲಕ್ಕೆ ತಾಗಲ್ಲ, ನೇತಾಡುತ್ತದೆ. ಕೆಳಗೊಂದು ಗಟ್ಟಿಯಾದ ಕಾಲುಮಣೆ ಕೊಡಿ. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಕಾಲಿಗೆ ಆಸರೆ ಇಲ್ಲದಿದ್ದರೆ ಎಷ್ಟು ದುಬಾರಿ ಸ್ಟೂಲ್ ತಂದರೂ ಮಗು ತೊಡೆಯಿಂದ ಬ್ಯಾಲೆನ್ಸ್ ಮಾಡುತ್ತಾ ಕೂರುತ್ತದೆ.

ಇಬ್ಬರೂ ಬೇರೆ ಬೇರೆ ಎತ್ತರಕ್ಕೆ ಕೂರುವವರಾದರೆ ಎತ್ತರ ಬದಲಾಗದ ಪೆಟ್ಟಿಗೆ ಬೆಂಚನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ.

ಮರ_ಮತ್ತು_ಮೊಳೆ:
ದುಡ್ಡು ಯಾವುದಕ್ಕೆ ಹೋಗುತ್ತದೆ ಅಂದರೆ, ಸೀಟಿನ ಕೆಳಗಿರುವ ಕಬ್ಬಿಣಕ್ಕೆ. ನಾನು ಇವನ್ನು ರಿಪೇರಿ ಮಾಡುವವನು. ಸ್ಟೂಲ್ ನೋಡಲು ಹೋದಾಗ ಮೇಲಿನ ಹೊಳಪು ಬಿಟ್ಟುಬಿಡಿ, ತಲೆಕೆಳಗು ಮಾಡಿ ನೋಡಿ. ಅಂಗಡಿಯವರು ಮುಖ ಗಂಟು ಹಾಕಿದರೂ ಪರವಾಗಿಲ್ಲ.

ನಾಬ್ ಇರುವ ಬೆಂಚಿನಲ್ಲಿ ಕತ್ತರಿಯಂತೆ ಅಡ್ಡಡ್ಡ ಕೂಡಿದ ಪಟ್ಟಿಗಳಿರುತ್ತವೆ, ಉದ್ದ ಸ್ಕ್ರೂ ಕಂಬಿ ತಿರುಗಿದಂತೆ ಅವು ಮುಚ್ಚಿ ತೆರೆದು ಸೀಟನ್ನು ಎತ್ತುತ್ತವೆ. ಪಟ್ಟಿಗಳು ಕೂಡುವ ಜಾಗ ನೋಡಿ. ಅಗ್ಗದ್ದರಲ್ಲಿ ತೆಳು ತಗಡಿನ ಪಟ್ಟಿ, ಸುಮ್ನೆ ಒಂದು ರಿವೆಟ್ ಹೊಡೆದಿರುತ್ತಾರೆ. ಸ್ವಲ್ಪ ದಿನಕ್ಕೆ ತೂತು ಅಗಲವಾಗುತ್ತದೆ, ಅಲ್ಲಿಂದ ಶುರು ಆಟ. ಒಳ್ಳೆಯದರಲ್ಲಿ ದಪ್ಪ ಸ್ಟೀಲು, ಬೋಲ್ಟು, ನಡುವೆ ವಾಷರ್ ಅಥವಾ ಬುಷ್ ಇರುತ್ತದೆ. ಸವೆದರೆ ಬಿಗಿ ಮಾಡಬಹುದು, ಬದಲಿಸಬಹುದು. ರಿವೆಟ್ ಹೊಡೆದದ್ದನ್ನು ಏನು ಮಾಡೋದು?

ಆಮೇಲೆ ಕಾಲು. ಕಾಲು ಚೌಕಟ್ಟಿಗೆ ಸೇರುವ ಮೂಲೆಯಲ್ಲಿ ಅಡ್ಡ ಮರದ ತುಂಡೋ ಕಬ್ಬಿಣದ ಪ್ಲೇಟೋ ಇದ್ದು, ಅದರ ಮೂಲಕ ಬೋಲ್ಟು ಹೋಗಿದ್ದರೆ ಸರಿ. ಬರೀ ಪಾರ್ಟಿಕಲ್ ಬೋರ್ಡಿಗೆ ಸ್ಕ್ರೂ ಹೊಡೆದಿದ್ದರೆ ಬೇಡ. ಬೋರ್ಡು ಒಮ್ಮೆ ಪುಡಿಯಾದರೆ ಆ ತೂತಿನಲ್ಲಿ ಇನ್ನು ಯಾವ ಸ್ಕ್ರೂವೂ ನಿಲ್ಲುವುದಿಲ್ಲ. ಬೀಚ್, ಬರ್ಚ್, ರಬ್ಬರ್ ಮರ, ಯಾವುದಾದರೂ ಆಗಲಿ, ಗಟ್ಟಿ ಮರದ ಕಾಲು ಇರಲಿ.

ಪರೀಕ್ಷೆಗೆ ಮೇಲಿನ ತುದಿಯವರೆಗೂ ಏರಿಸಿ, ಮುಂದಿನ ಅಂಚಿನಲ್ಲಿ ಕೂತು, ಎರಡೂ ಪಕ್ಕಕ್ಕೆ ವಾಲಿ. ಕೆಳಗಿಳಿಸಿದ್ದಾಗ ಎಲ್ಲ ಬೆಂಚೂ ಗಟ್ಟಿಯಾಗೇ ಇರುತ್ತದೆ, ಬಂಡವಾಳ ಗೊತ್ತಾಗುವುದು ಏರಿಸಿದಾಗ. ಕಿವಿಯನ್ನೂ ತೆರೆದಿಡಿ. ಅಂಗಡಿಯ ಗದ್ದಲದಲ್ಲೇ ಕಿರ್ ಅಂತ ಕೇಳಿಸಿದರೆ, ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ಅದೇ ಸ್ವರಕ್ಕಿಂತ ಜೋರಾಗಿ ಕೇಳಿಸುತ್ತದೆ.

ಇನ್ನೊಂದು ಮಾತು, ಕೂತುಕೊಂಡೇ ನಾಬ್ ತಿರುಗಿಸಬೇಡಿ. ಎದ್ದು ತಿರುಗಿಸಿ. ಮೈಭಾರವನ್ನೆಲ್ಲ ಆ ಸ್ಕ್ರೂ ಮೇಲೆ ಹಾಕಿ ತಿರುಗಿಸಿದರೆ ಥ್ರೆಡ್ ಸವೆಯುತ್ತದೆ. ನನ್ನ ಹತ್ತಿರ ಬರುವ ಬೆಂಚುಗಳಲ್ಲಿ ಈ ಕೇಸೇ ಜಾಸ್ತಿ.

ಗೋಡೆ_ಪಕ್ಕದ_ಪಿಯಾನೋ:
ದುಂಡನೆ ಸ್ಟೂಲನ್ನು ಎಲ್ಲರೂ ಸೇರಿ ಬೈಯಬೇಡಿ ಸ್ವಾಮಿ. ಥ್ರೆಡ್ ಸರಿಯಿದ್ದರೆ ಹಳೆಯವು ಗಟ್ಟಿಮುಟ್ಟಾಗೇ ಇರುತ್ತವೆ. ಕೆಲವಕ್ಕೆ ಪಂಜದ ಆಕಾರದ ಕಾಲು, ಅದರ ಉಗುರಲ್ಲಿ ಗಾಜಿನ ಗುಂಡು, ನೋಡೋಕೇ ಚೆಂದ. ಮೇಲಕ್ಕೆ ತಿರುಗಿಸಿದಷ್ಟೂ ಒಳಗೆ ಉಳಿಯುವ ಸ್ಕ್ರೂ ಕಡಿಮೆ, ಅದಕ್ಕೇ ವಾಲುವುದು. ಎತ್ತರದ ಮನುಷ್ಯ, ಸೀಟು ಕೆಳಗಿಳಿಸಿ ಕೂರುವವನು, ಅಂಥವನಿಗೆ ಇದು ಸಾಕು.

ಮಣಿಕಟ್ಟು:
ಚೆಂದ ಸರಿ, ಆದರೆ ನುಡಿಸುವಾಗ ಸೀಟು ತಿರುಗಬಾರದು. 88 ಕೀಗಳ ಅಗಲ ಸುಮಾರು 122 ಸೆಂಟಿಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗ ಮೈಭಾರ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ, ಅದಕ್ಕೆ ಕೆಳಗೆ ಸ್ಥಿರವಾದ ಜಾಗ ಬೇಕು. ಮಗುವಿಗಂತೂ ತಿರುಗುವ ಸೀಟು ಬೇಡವೇ ಬೇಡ.

ಬಿಡುವಿನ_ಬೆರಳು:
ಕಾಲುಮಣೆ ವಿಷಯ ತಲೆಗೇ ಹೊಳೆದಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ದಿನಕ್ಕೆ ಹತ್ತು ಸಲ ನಾಬ್ ತಿರುಗಿಸುತ್ತಾ ಇರಬೇಕಾ? ಹೈಡ್ರಾಲಿಕ್ ಆದರೆ ಸುಲಭ ಅಲ್ವಾ? ಮತ್ತೆ ಕುಶನ್ ಮೆತ್ತಗಿರಬೇಕಾ, ಗಟ್ಟಿಯಿರಬೇಕಾ?

ಮರ_ಮತ್ತು_ಮೊಳೆ:
ಹೈಡ್ರಾಲಿಕ್ ಸುಲಭವೇ. ಲಿವರ್ ಒತ್ತಿದರೆ ಏರುತ್ತದೆ, ಕೂತು ಒತ್ತಿದರೆ ಇಳಿಯುತ್ತದೆ. ಆದರೆ ಇಳಿಸೋಕೆ ಭಾರ ಬೇಕು, ಸಣ್ಣ ಮಗು ಕೂತರೆ ಕೆಲವು ಇಳಿಯುವುದೇ ಇಲ್ಲ. ಕೆಟ್ಟರೆ ಆ ಸಿಲಿಂಡರನ್ನೇ ಬದಲಿಸಬೇಕು, ಸ್ಪ್ಯಾನರ್ ಹಿಡಿದು ಕೂರುವ ನನ್ನಂಥವನಿಗೆ ಅಲ್ಲಿ ಕೆಲಸವಿಲ್ಲ. ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಂಡು ತೆಗೆದುಕೊಳ್ಳಿ. ನಾಬಿಗೆ ಒಂದು ಉಪಾಯ ಇದೆ. ನಿಮ್ಮ ಎತ್ತರಕ್ಕೆ ಒಂದು, ಮಗಳ ಎತ್ತರಕ್ಕೆ ಒಂದು ಗುರುತನ್ನು ಒಂದು ಕೋಲಿನ ಮೇಲೆ ಹಾಕಿಡಿ, ಅಳೆದು ನಿಲ್ಲಿಸಿ. ದಿನಾ ಅಂದಾಜು ಮಾಡುವ ರಗಳೆ ಇಲ್ಲ.

ಕುಶನ್ ಗಟ್ಟಿಯೇ ಇರಲಿ. ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗಿ ತಕ್ಷಣ ವಾಪಸ್ ಬರಬೇಕು. ಮೆತ್ತನೆ ಫೋಮ್ ಕೂತ ಕೂಡಲೇ ಕುಸಿಯುತ್ತದೆ, ಅಷ್ಟು ಕಷ್ಟಪಟ್ಟು ಹೊಂದಿಸಿದ ಎತ್ತರ ಅಲ್ಲಿಗೆ ಹೋಯಿತು. ಅಗ್ಗದ ರೆಕ್ಸಿನ್ ಅಂಚಿನಲ್ಲಿ ಮೊದಲು ಸಿಪ್ಪೆ ಏಳುತ್ತದೆ, ಬೆವರಿಗೆ ಅಂಟುತ್ತದೆ. ವೆಲ್ವೆಟ್ ಆದರೆ ಧೂಳು ಹಿಡಿಯುತ್ತದೆ, ಜಾರುವುದಿಲ್ಲ.

ಮಣಿಕಟ್ಟು:
ಮೆತ್ತಗಿದ್ದರೂ ಗಟ್ಟಿಯಿದ್ದರೂ ಸೀಟಿನ ಮುಂದಿನ ಅರ್ಧದಲ್ಲಿ ಮಾತ್ರ ಕೂರಿ, ಪೆಡಲ್ ಒತ್ತುವಾಗ ತೊಡೆ ಆರಾಮಾಗಿ ಆಡಬೇಕು. ಉದ್ದ ಬೆಂಚಿನ ಬಗ್ಗೆ ಕೇಳಿದಿರಿ. ಒಬ್ಬರದ್ದು ಅಂದಾಜು 55 ಸೆಂಟಿಮೀಟರ್ ಅಗಲ, ಇಬ್ಬರದ್ದು 75ರಿಂದ ಶುರು. ಅದರ ತೊಂದರೆ ಏನೆಂದರೆ ಇಬ್ಬರಿಗೂ ಒಂದೇ ಎತ್ತರ. ನಿಮಗೆ ಸರಿಯಿದ್ದರೆ ಮಗಳಿಗೆ ಸರಿಯಿಲ್ಲ. ಜೊತೆಯಾಗಿ ನುಡಿಸುವ ಆಸೆಯಿದ್ದರೆ ಒಬ್ಬರು ಕೂರುವ ಎರಡು ಬೆಂಚು ಮೇಲು, ಇಲ್ಲವೇ ಎರಡು ಸೀಟು ಬೇರೆ ಬೇರೆ ಏರಿಳಿಯುವ ಉದ್ದ ಬೆಂಚು. ಎರಡನೆಯದು ಭಾರ, ಬೆಲೆಯೂ ಜಾಸ್ತಿ.

ಬಿಡುವಿನ_ಬೆರಳು:
ಸರಿ, ಒಬ್ಬರು ಕೂರುವ ನಾಬ್ ಬೆಂಚು ಒಂದು ಈಗ, ಇನ್ನೊಂದು ಆಮೇಲೆ ನೋಡೋಣ. ನೆಲ ನುಣುಪು ಟೈಲ್ಸ್, ಬೆಂಚು ಹಿಂದಕ್ಕೆ ಜಾರುತ್ತದಾ?

ಮರ_ಮತ್ತು_ಮೊಳೆ:
ಜಾರುತ್ತದೆ. ಫೆಲ್ಟ್ ಅಂಟಿಸಬೇಡಿ, ಅದು ಗೀರು ಬೀಳದಿರಲಿ ಅಂತ ಇರೋದು, ಟೈಲ್ಸ್ ಮೇಲೆ ಇನ್ನೂ ಜಾರುತ್ತದೆ. ನಾಲ್ಕೂ ಕಾಲಿಗೆ ರಬ್ಬರ್ ಬಟ್ಟಲು ಹಾಕಿ, ಅದರಿಂದ ಎಷ್ಟು ಎತ್ತರ ಏರಿತು ಅಂತ ನೋಡಿ ಕೋಲಿನ ಗುರುತು ಹಾಕಿ. ಹೊಸ ಬೆಂಚಿನ ಬೋಲ್ಟುಗಳು ಮೊದಲ ಕೆಲವು ವಾರದಲ್ಲಿ ಸ್ವಲ್ಪ ಸಡಿಲವಾಗುತ್ತವೆ, ಒಮ್ಮೆ ಎಲ್ಲವನ್ನೂ ಬಿಗಿ ಮಾಡಿ. ಡಬ್ಬದಲ್ಲಿ ಬರುವ ಆ ಸಣ್ಣ ಅಲೆನ್ ಕೀ ಬಿಸಾಡಬೇಡಿ.