ವರುಣಾ ಮೈಸೂರಿನ ಮಗ್ಗುಲಲ್ಲಿದ್ದರೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದೇಕೆ?

ಪ್ರಶ್ನೆ (ವರುಣಾ ಹೋಬಳಿಯಿಂದ)

ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಚಾಮುಂಡಿ ಬೆಟ್ಟ ಕಾಣಿಸುತ್ತದೆ. ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಮೈಸೂರಿಗೇ ಹೋಗುವ ನಾವು ಚಾಮರಾಜನಗರದ ಸಂಸದರನ್ನು ಆರಿಸುತ್ತೇವೆ, ಕೆ.ಆರ್. ನಗರದವರು ಮಂಡ್ಯದ ಸಂಸದರನ್ನು, ಕೊಡಗಿನವರು ಮೈಸೂರಿನವರೊಡನೆ ಸೇರಿ ಒಬ್ಬ ಸಂಸದರನ್ನು ಆರಿಸುತ್ತಾರೆ. ಈ ಗೆರೆಗಳನ್ನು ಯಾವ ಆಧಾರದ ಮೇಲೆ ಎಳೆಯಲಾಗಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರು, ಸರಸ್ವತಿಪುರಂ)

ಸ್ವಾಮಿ, ಇದರಲ್ಲಿ ರಾಜಕೀಯಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಈಗಿನ ಗಡಿಗಳನ್ನು ನಿಗದಿಪಡಿಸಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ. ಅದು 2001ರ ಜನಗಣತಿಯನ್ನು ಆಧರಿಸಿತ್ತು. 2008ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆ ಆ ಗಡಿಗಳ ಪ್ರಕಾರವೇ ನಡೆಯಿತು. ರಾಜ್ಯದ ಸುಮಾರು 5.28 ಕೋಟಿ ಜನರನ್ನು 224 ಸ್ಥಾನಗಳಿಗೆ ಹಂಚಿದರೆ ಸ್ಥಾನವೊಂದಕ್ಕೆ 2.36 ಲಕ್ಷದಷ್ಟು ಬರುತ್ತದೆ. ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿಯನ್ನು ದಾಟಬಾರದೆಂಬುದು ಆಯೋಗದ ನಿಯಮವಾಗಿತ್ತು; ಒಂದೇ ವಿಧಾನಸಭಾ ಕ್ಷೇತ್ರವನ್ನು ಒಡೆದು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವಂತೆಯೂ ಇಲ್ಲ. ಹೀಗೆ ಮೈಸೂರಿಗೆ 11, ಮಂಡ್ಯಕ್ಕೆ 7, ಚಾಮರಾಜನಗರಕ್ಕೆ 4, ಕೊಡಗಿಗೆ 2 ಸ್ಥಾನಗಳು ಬಂದವು. ಕೂಡಿದರೆ 24.

ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಪ್ರತಿಯೊಂದಕ್ಕೂ ಎಂಟು ವಿಧಾನಸಭಾ ಕ್ಷೇತ್ರಗಳು ಬೇಕು. 24 ಎಂದರೆ ಸರಿಯಾಗಿ ಮೂರು ಲೋಕಸಭಾ ಕ್ಷೇತ್ರಗಳು. ಮಂಡ್ಯದ ಏಳಕ್ಕೆ ಒಂದು ಕಡಿಮೆಯಾದ್ದರಿಂದ ಕೆ.ಆರ್. ನಗರ ಅಲ್ಲಿಗೆ ಹೋಯಿತು. ಚಾಮರಾಜನಗರದ ನಾಲ್ಕಕ್ಕೆ ವರುಣಾ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕೂಡಿದವು. ಉಳಿದ ಆರಕ್ಕೆ, ಅದುವರೆಗೆ ಮಂಗಳೂರಿನೊಡನಿದ್ದ ಕೊಡಗಿನ ಎರಡು ಬಂದು ಸೇರಿದವು.

ಉತ್ತರ 2 (ಮಂಡ್ಯ)

ಮೈಸೂರಿನ ಮಹನೀಯರು ಲೆಕ್ಕವನ್ನು ಸೊಗಸಾಗಿಯೇ ಬಿಡಿಸಿದ್ದಾರೆ, ಆದರೆ ಅದರ ಪೆಟ್ಟು ತಿಂದವರು ನಾವು. ನಮ್ಮ ಜಿಲ್ಲೆಯ 17.63 ಲಕ್ಷ ಜನರನ್ನು ಆ ಸರಾಸರಿಯಿಂದ ಭಾಗಿಸಿದರೆ ಏಳೂವರೆಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಆ ಕೂದಲೆಳೆಯಿಂದಾಗಿ ಎಂಟನೆಯ ಸ್ಥಾನ ದಕ್ಕಲಿಲ್ಲ. ಕಿರುಗಾವಲು ಮತ್ತು ಕೆರಗೋಡು ಕ್ಷೇತ್ರಗಳು ಕಣ್ಮರೆಯಾದವು, ಪಾಂಡವಪುರದ ಹೆಸರು ಹೋಗಿ ಮೇಲುಕೋಟೆ ಬಂತು. ಅತ್ತ ಬೆಂಗಳೂರು ನಗರ ಜಿಲ್ಲೆಯೊಂದಕ್ಕೇ ಇಂದು 28 ಶಾಸಕರಿದ್ದಾರೆ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಹುಡುಗರು ತಮ್ಮ ತಲೆ ಎಣಿಕೆಯನ್ನೂ ಜೊತೆಗೇ ಒಯ್ದಿದ್ದಾರೆಂದು ತಿಳಿಯಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಮುಂದಿನ ಬಾರಿ ವರುಣಾವನ್ನು ಮೈಸೂರಿಗೆ ಸೇರಿಸಿ ಎಂದು ಕೇಳಲು ಸಾಮಾನ್ಯರಿಗೆ ಅವಕಾಶವಿದೆಯೇ? ನ್ಯಾಯಾಲಯಕ್ಕೆ ಹೋಗಬಹುದೇ?

ಉತ್ತರ 3 (ಮೈಸೂರು, ವಕೀಲರು)

ಅವಕಾಶವಿದೆ. ಆಯೋಗ ತನ್ನ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಪಡೆದು, ಬಹಿರಂಗ ಸಭೆ ನಡೆಸಬೇಕೆಂದು 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯೇ ಹೇಳುತ್ತದೆ. ಆಯೋಗದಲ್ಲಿ ರಾಜ್ಯದ ಐವರು ಸಂಸದರೂ ಐವರು ಶಾಸಕರೂ ಸಹಸದಸ್ಯರಾಗಿರುತ್ತಾರೆ, ಆದರೆ ಅವರಿಗೆ ಮತದ ಹಕ್ಕಿಲ್ಲ. ಆದ್ದರಿಂದ ಶಾಸಕರ ಮನೆಗೆ ಅಲೆಯುವುದಕ್ಕಿಂತ ಲಿಖಿತ ಆಕ್ಷೇಪಣೆ ಸಲ್ಲಿಸುವುದೇ ಲೇಸು. ಅಂತಿಮ ಆದೇಶಕ್ಕೆ ಕಾನೂನಿನ ಬಲವಿದ್ದು, ಸಂವಿಧಾನದ 329ನೇ ವಿಧಿ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ತಡೆಯೊಡ್ಡುತ್ತದೆ. ಸ್ಪಷ್ಟವಾಗಿ ಮನಸೋಇಚ್ಛೆಯದಾದ ಆದೇಶವನ್ನು ಪರಿಶೀಲಿಸಲು ನ್ಯಾಯಾಲಯಕ್ಕೆ ಸೀಮಿತ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಮನವಿಯಲ್ಲಿ 'ನಮ್ಮನ್ನು ಮೈಸೂರಿಗೆ ಸೇರಿಸಿ' ಎಂದಷ್ಟೇ ಬರೆದರೆ ಸಾಲದು. ವರುಣಾ ಒಳಬಂದರೆ ಎಂಟರಲ್ಲಿ ಒಂದು ಹೊರಹೋಗಬೇಕು. ಪಿರಿಯಾಪಟ್ಟಣವನ್ನು ತೆಗೆದರೆ ಕೊಡಗಿನ ಗಡಿಗೆ ಹೊಂದಿಕೊಂಡ ಕ್ಷೇತ್ರವೇ ಕಳಚಿದಂತಾಗುತ್ತದೆ. ನಕ್ಷೆಯಲ್ಲಿ ಚಾಮರಾಜನಗರದ ಪಾಲಿನ ಎಚ್.ಡಿ. ಕೋಟೆಗೆ ಹುಣಸೂರು ತಾಗಿಕೊಂಡಿದೆ; ವರುಣಾಕ್ಕೆ ಬದಲಾಗಿ ಅದನ್ನು ಬಿಟ್ಟುಕೊಡುವ ಮಾತು ಬರಬಹುದು.

ಪ್ರಶ್ನೆ ಕೇಳಿದವರು

ನನ್ನ ಹೆಂಡತಿಯ ತವರು ಹುಣಸೂರು. ಮನವಿಯ ಕರಡನ್ನು ಮನೆಯಲ್ಲಿ ತೋರಿಸದೆಯೇ ಬರೆಯಬೇಕಾದೀತು.